ಸೊಪ್ಪಿನ ಕೋಣೆಯ ಕೂಸು

ಮಡಿವಂತರ ಅಡುಗೆಮನೆಗಾದರೂ ಕಣ್ತಪ್ಪಿಸಿ ನುಗ್ಗಬಹುದು, ವನಜಾಕ್ಷಿಯ ಹುಳದ ಮನೆಗೆ ಮಾತ್ರ ನುಗ್ಗುವಂತಿರಲಿಲ್ಲ. ಮಿಡಿಗೇಶಿಯ ಸುತ್ತ ರೇಷ್ಮೆ ಹುಳ ಸಾಕುವವರಲ್ಲಿ ಅವಳ ಶುಚಿ ಮನೆಮಾತು. ಕಾಲು ತೊಳೆಯಬೇಕು, ಕೈ ತೊಳೆಯಬೇಕು, ಬಾಗಿಲಲ್ಲಿ ಹರಡಿದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ತುಳಿದೇ ಒಳಗೆ ಬರಬೇಕು. ಗಂಡ ರಂಗಸ್ವಾಮಿಗೂ ರಿಯಾಯಿತಿ ಇಲ್ಲ. ಬೀಡಿ ಸೇದಿದ ದಿನ ಅವನು ಹೊರಗೇ. ಸೋಂಕು ತಗುಲಿದರೆ ಒಂದು ಹುಳ ಸಾಯುವುದಿಲ್ಲ, ತಟ್ಟೆಗೆ ತಟ್ಟೆಯೇ ಕಪ್ಪಾಗುತ್ತದೆ. ಅದನ್ನು ಒಮ್ಮೆ ಕಂಡವಳಿಗೆ ಬೇರೆ ಬುದ್ಧಿ ಹೇಳುವುದು ಬೇಕಿರಲಿಲ್ಲ.

ಅಂಥವಳ ಮಡಿಲಿಗೆ ಅಶ್ವಿನಿ ಒಂದು ಬೆಕ್ಕಿನ ಮರಿ ತಂದು ಹಾಕಿದಳು. ಅಶ್ವಿನಿ ಅದೇ ಊರಿನ ಹುಡುಗಿ, ಮಧುಗಿರಿಯ ಮೆಡಿಕಲ್ ಶಾಪಿನಲ್ಲಿ ಕೆಲಸ. ದಾರಿಯಲ್ಲಿ ಬಿದ್ದ ನಾಯಿ ಬೆಕ್ಕುಗಳನ್ನೆಲ್ಲ ಎತ್ತಿಕೊಂಡು ಬಂದು, ಸಾಕುವವರು ಸಿಗುವ ತನಕ ಅವರಿವರ ಮನೆಯಲ್ಲಿ ಬಿಡುವುದು ಅವಳ ಹುಚ್ಚು. ಈ ಮರಿಯ ಸೊಂಟಕ್ಕೆ ಬೈಕು ತಗುಲಿ ಹಿಂದಿನ ಕಾಲೆರಡೂ ಸೋತಿದ್ದವು.

"ನಮ್ಮನೇಲಿ ನಾಯಿ ಐತೆ ವನಜಕ್ಕ, ಒಂದೇ ತುತ್ತಿಗೆ ನುಂಗ್ಬುಡುತ್ತೆ. ಸ್ವಲ್ಪ ದಿನ ಇಟ್ಕಳಿ ಅಷ್ಟೆ. ತುಮಕೂರಲ್ಲಿ ಒಬ್ರು ಮೇಡಂ ಸಾಕ್ತೀನಿ ಅಂದವ್ರೆ, ಕಾಲಿಗೆ ಸ್ಪರ್ಶ ಬಂದ್ರೆ."

"ಬರ್ದಿದ್ರೆ?"

ಅಶ್ವಿನಿ ಮರಿಯ ಕಿವಿ ಸವರಿದಳು. "ನರಳ್ಸಾದು ಬ್ಯಾಡ, ಸೂಜಿ ಹಾಕಿ ಮಲಗ್ಸಿಬುಡಾನ ಅಂದ್ರು ಡಾಕ್ಟ್ರು. ದಿನಾ ಕಾಲು ತಿಕ್ತಾ, ಆಡಿಸ್ತಾ ಇದ್ರೆ ಬಂದ್ರೂ ಬರಬೋದಂತೆ. ನುಣ್ಣನೆ ನೆಲದ ಮ್ಯಾಲೆ ಮಾತ್ರ ಬುಡಬ್ಯಾಡಿ, ಜಾರುತ್ತೆ."

ರಂಗಸ್ವಾಮಿ ನೋಡಿ ನಕ್ಕ. "ಲೇ ವನಜಾ, ಇಲಿ ಹಿಡಿಯಾಕೆ ಅಂತ ಬೆಕ್ಕು ತರ್ತಾರೆ. ನೀನು ಇಲಿಗೇ ಊಟ ತಂದಿದ್ದೀಯಲ್ಲ!"

ನಗಲಿ. ವನಜಾಕ್ಷಿ ಹಟ ಹಿಡಿದರೆ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ನಿದ್ದೆಗೆಟ್ಟು ಸಾಕಿದ ಜೀವಗಳೆಲ್ಲ ಕೊನೆಗೆ ಬಿಸಿನೀರಿನಲ್ಲಿ ಬೇಯುವುದಕ್ಕೇ ಹೋಗಿದ್ದವು. ಬದುಕಲಿ ಅಂತ ಸಾಕುತ್ತಿದ್ದದ್ದು ಇದೊಂದನ್ನೇ. ಹೆಸರಿಡುವುದು ತುಮಕೂರಿನವರ ಹಕ್ಕು ಅಂತ ಅವಳು ಅದನ್ನು ಬರೀ ಕೂಸು ಅಂತ ಕರೆದಳು. ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಸೈಕಲ್ ತುಳಿಸಿದ ಹಾಗೆ ಕಾಲಾಡಿಸುವಳು. ಕಿಬ್ಬೊಟ್ಟೆಯನ್ನು ಮೆಲ್ಲಗೆ ಒತ್ತಿ ಉಚ್ಚೆ ಹೊಯ್ಯಿಸುವಳು. ಅದೋ, ಹಾಲು ಕುಡಿದು ಮುಂಗಾಲಲ್ಲೇ ದೇಹ ಎಳೆದುಕೊಂಡು ಅವಳ ಸೆರಗಿನ ಹಿಂದೆಯೇ ಬರುತ್ತಿತ್ತು. ಹಿಂಗಾಲುಗಳ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ.

ಮನೆಗೆ ಟೈಲ್ಸ್ ಹಾಕಿಸಿದ್ದರಿಂದ ಅಲ್ಲಿ ಬಿಡುವಂತಿರಲಿಲ್ಲ. ಹುಳದ ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಗೆ ಒರಟು ಸಿಮೆಂಟಿನ ನೆಲ, ಉಗುರು ಊರುತ್ತದೆ. ಸೊಪ್ಪು ಹೆಚ್ಚುತ್ತ ಇಡೀ ದಿನ ಅವಳೂ ಅಲ್ಲೇ. ಬೆಕ್ಕಿನಿಂದ ಹುಳಕ್ಕೆ ಏನಾದರೂ ಅಂಟಿದರೆ ಎಂಬ ಭಯಕ್ಕೆ ದಿನಾ ಬೆಳಗ್ಗೆ ಆ ನೆಲಕ್ಕೂ ಸುಣ್ಣ, ಬ್ಲೀಚಿಂಗ್ ಪುಡಿ ಎರಚತೊಡಗಿದಳು. ಎರಡು ಕಡೆಗೂ ನ್ಯಾಯ ಮಾಡಿದೆ ಅಂದುಕೊಂಡಳು, ಪಾಪ.

ಒಂದು ಬೆಳಗ್ಗೆ ಕೂಸು ಕತ್ತು ತಿರುಗಿಸಿ ತನ್ನ ಹಿಂಗಾಲನ್ನು ನೆಕ್ಕಿತು.

ವನಜಾಕ್ಷಿ ಕುಡುಗೋಲು ಬಿಟ್ಟು ಕೂಗಿದಳು. "ಏನ್ರೀ, ಬನ್ನಿ ಇಲ್ಲಿ! ಕಾಲು ನೆಕ್ಕೊಂತೈತೆ!" ರಂಗಸ್ವಾಮಿ ಓಡಿ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. ಅವನ ಮುಖವೂ ಅರಳಿತು. ಅವಳು ಆ ಗಳಿಗೆಯೇ ಅಶ್ವಿನಿಗೆ ಫೋನ್ ಮಾಡಿದಳು. ಹೆತ್ತ ಮಗು ಹೆಜ್ಜೆ ಇಟ್ಟರೂ ಯಾರೂ ಅಷ್ಟು ಹಿಗ್ಗಲಾರರೇನೋ. ಅಂದಿನಿಂದ ಕೂಸಿಗೆ ಅದೇ ಕೆಲಸ: ಕಾಲು ನೆಕ್ಕುವುದು, ಹೊಟ್ಟೆ ನೆಕ್ಕುವುದು. "ನೆಕ್ಕು ಕೂಸೇ, ನೆಕ್ಕು. ನಿಂದೇ ಕಾಲು ಅದು" ಎಂದು ಅವಳು ಹುರಿದುಂಬಿಸಿದಳು.

ಆಮೇಲೆ ಜೊಲ್ಲು ಸುರಿಯತೊಡಗಿತು. ಹಾಲಿನ ಬಟ್ಟಲಿಗೆ ಮೂತಿ ಇಟ್ಟು ಹಿಂದೆ ಸರಿಯಿತು. ಹಲ್ಲು ಬರುತ್ತಿರಬೇಕು ಅಂದುಕೊಂಡಳು. ಹುಳಗಳು ಆಗಷ್ಟೇ ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ ಎದ್ದು ಬಕಾಸುರರಂತೆ ಮೇಯುತ್ತಿದ್ದವು. ಬಿಟ್ಟು ಹೋಗುವ ಹಾಗಿರಲಿಲ್ಲ. ಮರಿ ತಲೆ ಎತ್ತುವುದನ್ನೇ ನಿಲ್ಲಿಸಿದ ಮೇಲೆ ಸೊಪ್ಪಿನ ಕೆಲಸವನ್ನು ಗಂಡನಿಗೊಪ್ಪಿಸಿ ಮಧುಗಿರಿಯ ಬಸ್ಸು ಹತ್ತಿದಳು.

ಪಶು ಆಸ್ಪತ್ರೆಯ ಡಾಕ್ಟರು ಮೊದಲು ಹಿಂಗಾಲಿನ ಬೆರಳನ್ನು ಚಿವುಟಿದರು. ಕೂಸು ಚೀರಿ ಕಾಲನ್ನು ಸರಕ್ಕನೆ ಎಳೆದುಕೊಂಡಿತು.

"ಬಂತು ಸಾರ್! ಕಾಲು ಬಂತು!" ವನಜಾಕ್ಷಿಯ ಕಣ್ಣು ತುಂಬಿತು.

ಡಾಕ್ಟರು ನಗಲಿಲ್ಲ. ಬಾಯಿ ಬಿಡಿಸಿ ನೋಡಿದರು. ನಾಲಿಗೆಯಿಂದ ಗಂಟಲ ತನಕ ಬೊಬ್ಬೆ. ಮಗುಚಿ ನೋಡಿದರೆ ಹೊಟ್ಟೆಯ ಕೂದಲ ಕೆಳಗೆ ಚರ್ಮ ಕೆಂಪಗೆ ಸುಲಿದಿತ್ತು. ಬೆರಳಿಗೆ ಬಿಳಿ ಪುಡಿ ಹತ್ತಿತು.

"ಏನಮ್ಮ ಇದು?"

ಅವಳು ಹೇಳಿದಳು. ಹೇಳುತ್ತ ಹೇಳುತ್ತಲೇ ಅವಳಿಗೆ ಎಲ್ಲ ತಿಳಿಯಿತು. ನಡೆಯುವ ಬೆಕ್ಕಾಗಿದ್ದರೆ ನಾಲ್ಕು ಪಾದಕ್ಕೆ ಅಂಟುತ್ತಿತ್ತು. ಇದು ಹೊಟ್ಟೆಯಲ್ಲಿ ತೆವಳುವ ಜೀವ, ಕೋಣೆಯ ಪುಡಿಯನ್ನೆಲ್ಲ ಮೈಯಲ್ಲೇ ಗುಡಿಸಿಕೊಂಡಿತ್ತು.

"ಒಳಗೆಲ್ಲ ಸುಟ್ಟುಹೋಗಿದೆ. ಕಷ್ಟ" ಎಂದರು ಡಾಕ್ಟರು. ಮೈ ತೊಳೆದು, ಉರಿ ಇಳಿಯಲೆಂದು ಇಂಜೆಕ್ಷನ್ ಕೊಟ್ಟರು. ಹಿಂದಿರುಗುವ ಬಸ್ಸಿನಲ್ಲಿ, ಮಿಡಿಗೇಶಿ ಇನ್ನೂ ದೂರವಿರುವಾಗಲೇ ಅದು ಅವಳ ಮಡಿಲಲ್ಲಿ ತಣ್ಣಗಾಯಿತು.

ಸುದ್ದಿ ಕೇಳಿ ಅಶ್ವಿನಿ ಬರುವಷ್ಟರಲ್ಲಿ ರಂಗಸ್ವಾಮಿ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದ್ದ. ಅವಳು ವನಜಾಕ್ಷಿಯ ಪಕ್ಕದಲ್ಲಿ ಕೂತಳು.

"ಅಳಬ್ಯಾಡಿ ಅಕ್ಕ. ಅದ್ರ ಕಾಲು ಹೆಂಗೂ ಬರ್ತಿರ್ಲಿಲ್ಲ, ಸೂಜೀನೇ ಗತಿ ಆಗಿತ್ತು ಅನ್ಕಳಿ."

"ಬಂದಿತ್ತು ಕಣಮ್ಮ" ಎಂದಳು ವನಜಾಕ್ಷಿ. "ಬಂದಿದ್ದಕ್ಕೇ ಉರಿ ಗೊತ್ತಾಯ್ತು. ಉರಿ ತಡೀನಾರ್ದೆ ನೆಕ್ಕೊಂತಿತ್ತು. ನಾನು ಪಕ್ದಲ್ಲಿ ಕುಂತ್ಕಂಡು ನೆಕ್ಕು, ನೆಕ್ಕು ಅಂತಿದ್ದೆ."