ಅಪ್ಪನ ಬೆರಳಿಗೆ ಸಿಗುವ ರಿಸೀವರ್

ಅಪ್ಪನಿಗೆ ಕಣ್ಣು ಕಾಣದಾಗಿ ಮೂರು ವರ್ಷ. ಆದರೂ ಸಿನಿಮಾ ಬಿಟ್ಟಿಲ್ಲ, ಈಗ ಕೇಳುತ್ತಾರೆ. ಟೀವಿಯ ಸದ್ದನ್ನು ಕೋಣೆಯ ಐದೂ ಸ್ಪೀಕರುಗಳಿಗೆ ಹಂಚುತ್ತಿದ್ದ ಹಳೆಯ ರಿಸೀವರ್ ಹೋದ ತಿಂಗಳು ಸುಟ್ಟುಹೋಯಿತು. ಅಂದಿನಿಂದ ಎಲ್ಲವನ್ನೂ ಟೀವಿಯ ಪರದೆಯ ಮೇಲೆ ಓದಿಯೇ ರಿಮೋಟ್ ಒತ್ತಬೇಕು. ಬೆಳಗ್ಗೆ ಕೇಳುವ ಪದ್ಯಗಳ ರೆಕಾರ್ಡಿಂಗ್ ಹಾಕಿಕೊಳ್ಳುವುದಕ್ಕೂ ಅವರು ನಾವು ಏಳುವವರೆಗೆ ಕೈಕಟ್ಟಿ ಕೂತಿರುತ್ತಾರೆ. ನನಗೆ ಆ ಪದ್ಯಗಳನ್ನು ಬಾಯಿಪಾಠ ಮಾಡಿಸಿದವರೇ ಅವರು.

ಇಬ್ಬರೂ ಅಂಗಡಿಗೆ ಹೋದೆವು.

"ನಮ್ಮ ಕೈಗೆಟುಕೋ ಬೆಲೆಯಲ್ಲಿ, ಅಪ್ಪ ಒಬ್ಬರೇ ಹಾಕ್ಕೊಳ್ಳೋ ಅಂಥ ರಿಸೀವರ್ ಬೇಕು," ಎಂದೆ.

ಮಾರುವವನು ನನ್ನನ್ನೇ ನೋಡುತ್ತ, "ಅವರಿಗೆ ಕಾಣಲ್ವಾ ಸಾರ್?" ಎಂದ.

"ಕಾಣಲ್ಲಪ್ಪ. ಕಿವಿ ಇದೆ," ಎಂದರು ಅಪ್ಪ.

ಮೊದಲು ಎರಡು ಗುಂಡಿಗಳಿದ್ದ ಅಗ್ಗದ ರಿಸೀವರ್ ಹಾಕಿದ. ಆಮೇಲೆ ದುಪ್ಪಟ್ಟು ಬೆಲೆಯದು, ಮುಖವೆಲ್ಲ ನುಣ್ಣನೆಯ ಗಾಜು. ಎರಡರಲ್ಲೂ ಒಂದೇ ಸಿನಿಮಾದ ಅದೇ ಬಾಂಬು, ಅದೇ ಹೆಲಿಕಾಪ್ಟರ್. ಎರಡನೆಯದಕ್ಕೆ ಕಪಾಟು ನಡುಗಿತು.

"ನೋಡಿ ಸಾರ್. ಅಜಗಜಾಂತರ."

"ತಮ್ಮಾ, ಇದು ಚೆನ್ನಾಗಿಲ್ಲ, ಜೋರಾಗಿದೆ ಅಷ್ಟೆ," ಎಂದರು ಅಪ್ಪ. "ಮೊದಲಿನದ್ದನ್ನೂ ಇಷ್ಟೇ ಏರಿಸು. ಬಾಂಬು ಸಾಕು, ಯಾರಾದ್ರೂ ಮಾತಾಡಲಿ."

ಅವನು ಮತ್ತೆ ನನ್ನ ಕಡೆಗೇ ತಿರುಗಿದ. "ವಯಸ್ಸಾದವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಸಾರ್. ಹಾಕಿಕೊಡೋಕೆ ನೀವಿರ್ತೀರಲ್ಲ."

ನನ್ನ ಮೈ ಉರಿದುಹೋಯಿತು. ನಾನು ಹೇಳುವ ಪದ್ಯದ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಪಕ್ಕದ ಕೋಣೆಯಿಂದಲೇ ತಿದ್ದುತ್ತಿದ್ದ ಮನುಷ್ಯನ ಕಿವಿಗೆ ಇವನು ಹೂ ಮುಡಿಸಲು ಹೊರಟಿದ್ದ.

"ಕೊಳ್ತಿರೋದು ಅವರು. ಅವರ ಮುಖ ನೋಡಿ ಮಾತಾಡಿ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವನು ಗೊಣಗುತ್ತ ಎರಡರ ಸದ್ದನ್ನೂ ಸಮ ಮಾಡಿ, ಸುದ್ದಿ ಓದುವ ಹೆಂಗಸಿನ ದನಿ ಹಾಕಿದ. ಅಪ್ಪ ತಲೆ ಬಗ್ಗಿಸಿ ಎರಡನ್ನೂ ಕೇಳಿದರು.

"ನನಗೇನೂ ವ್ಯತ್ಯಾಸ ಕೇಳಿಸ್ತಿಲ್ಲ. ಗಾಜಿನದ್ದು ಕಣ್ಣಿರೋರಿಗೆ ಮಾರು," ಎಂದು ಅಗ್ಗದ್ದರ ಗುಂಡಿಯನ್ನು ತಡವಿದರು.

"ಅದು ಹಳೇ ಮಾಡೆಲ್. ಇನ್ಮೇಲೆ ಗುಂಡಿ ಇರೋದು ಬರೋದೇ ಇಲ್ಲ. ಯಾರಿಗೆ ಬೇಕು?"

"ನನಗೆ," ಎಂದರು ಅಪ್ಪ.

ಅದನ್ನೇ ಕೊಂಡು ತಂದು ಮನೆಯಲ್ಲಿ ತಂತಿ ಜೋಡಿಸುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಎಡದ ಗುಂಡಿ ಟೀವಿ ಅಥವಾ ಪದ್ಯ ಆಯ್ದುಕೊಳ್ಳಲು, ಬಲದ್ದು ಸದ್ದಿಗೆ. ಅಪ್ಪ ಎರಡು ಸಲ ತಪ್ಪಿದರು. ತೋರಿಸಲೆಂದು ಅವರ ಬೆರಳು ಹಿಡಿದೆ.

"ಬಿಡೋ. ಆ ಅಂಗಡಿಯವನಿಗೆ ಬೈದು ಬಂದು ನೀನೂ ಅದನ್ನೇ ಮಾಡ್ತೀಯಲ್ಲ."

ಕೈ ಹಿಂದೆಗೆದುಕೊಂಡೆ. ಮೂರನೆಯ ಸಲಕ್ಕೆ ಪದ್ಯ ಹೊರಟಿತು. ಅವರು ಸದ್ದನ್ನು ತಮಗೆ ಬೇಕಾದಷ್ಟಕ್ಕೆ ಇಳಿಸಿಕೊಂಡು, "ಹೋಗುವಾಗ ಕೋಣೆಯ ಬಾಗಿಲು ಎಳೆದುಕೊಂಡು ಹೋಗು," ಎಂದರು.