ಧಾರೆ ರವಿಕೆಯ ಕೋಳಿ

ಕಸೂತಿಯ ನಾಗವೇಣಿ ರವಿಕೆಯನ್ನು ಮೇಜಿನ ಮೇಲೆ ಬೋರಲಾಗಿ ಹರಡಿದಾಗ ಶಕುಂತಲಮ್ಮ ಎರಡೆರಡು ಸಲ ಬಗ್ಗಿ ನೋಡಿದರು.

ಮಗಳು ಚೈತ್ರಶ್ರೀಯ ಮದುವೆಗೆ ವಾರವೂ ಉಳಿದಿರಲಿಲ್ಲ. ಧಾರೆ ಸೀರೆಯ ರವಿಕೆಯ ಬೆನ್ನಿಗೆ ಕಸೂತಿ ಹಾಕಿಸಲೆಂದೇ ತಾಯಿ ಮಗಳು ಶಿಕಾರಿಪುರದಿಂದ ಸೊರಬದವರೆಗೆ ಬಂದು ನಾಗವೇಣಿಗೆ ನವಿಲಿನ ಚಿತ್ರದ ಹಾಳೆ ಕೊಟ್ಟು, ಇದನ್ನೇ ಹಾಕಿ ಎಂದಷ್ಟೇ ಹೇಳಿ ಹೋಗಿದ್ದರು. ಅರಿಸಿನ ಬಣ್ಣದ ರೇಷ್ಮೆಯ ಮೇಲೆ ಈಗ ಇದ್ದದ್ದು ಕೋಳಿ. ಜರಿ ದಾರದ ಹೇಂಟೆಯೊಂದು ಕತ್ತು ಹೊರಳಿಸಿ ತನ್ನ ಬೆನ್ನ ಮೇಲಿನ ಮರಿಯನ್ನು ನೋಡುತ್ತಿತ್ತು. ಮರಿ ನೆಗೆಯಲು ಒಂದು ಕಾಲೆತ್ತಿತ್ತು. ಹೇಂಟೆಗೆ ಮೂರು ಕಾಲು.

“ಲಿಂಗಾಯತರ ಮನೆ ಧಾರೆಗೆ ಕೋಳಿ ಏನ್ರೀ?” ಎಂದರು ಶಕುಂತಲಮ್ಮ ಕೊನೆಗೆ.

ನಾಗವೇಣಿ ಒಳಗೋಡಿದಳು. ಅವಳು ತಂದು ತೋರಿಸಿದ ಹಾಳೆಯ ಒಂದು ಬದಿಯಲ್ಲಿ ಪ್ರಿಂಟ್ ತೆಗೆಸಿದ ನವಿಲಿತ್ತು. ಇನ್ನೊಂದು ಬದಿಯಲ್ಲಿ ನೀಲಿ ಪೆನ್ನಿನ ಕೋಳಿ. ಜನ ರದ್ದಿ ಹಾಳೆಯ ಹಿಂದೆ ಚಿತ್ರ ಬರೆದು ತರುವುದುಂಟು. ಕೈಯಲ್ಲಿ ಬರೆದದ್ದೇ ಮನೆಯವರಿಗೆ ಬೇಕಾದದ್ದು, ಮೂರನೆಯ ಕಾಲೂ ಬೇಕೆಂದೇ ಬರೆದದ್ದು ಎಂದು ಅವಳು ತಿಳಿದಿದ್ದಳು.

“ಫೋನ್ ಮಾಡಿ ಕೇಳ್ಬೇಕಿತ್ತು, ತಪ್ಪು ನಂದೇ. ಆದ್ರೆ ಆ ಗೆರೆ ನೋಡಿದ್ಮೇಲೆ ನಂಗೆ ನವಿಲು ಕಣ್ಣಿಗೇ ಬೀಳ್ಲಿಲ್ಲ.”

ಬಿಚ್ಚಿದರೆ ರೇಷ್ಮೆಯ ತುಂಬ ಸೂಜಿಯ ತೂತು ಉಳಿಯುತ್ತಿತ್ತು. ಸೀರೆಯ ಜೊತೆ ಬಂದ ಬಟ್ಟೆ ಅದೊಂದೇ. ಚೈತ್ರಶ್ರೀ ಹಾಳೆಯನ್ನು ತಿರುಗಿಸಿ ನೋಡಿದಳು. ಮೂಲೆಯಲ್ಲಿ ಛತ್ರದ ಹೆಸರು ಗೀಚಿತ್ತು. ಅದು ಅಪ್ಪನ ಅಕ್ಷರ. ತಾಯಿ ನಂಬಲಿಲ್ಲ. ಮೆಕ್ಕೆಜೋಳದ ವ್ಯಾಪಾರ ಮಾಡುವ ಗಂಡ ಪರಮಶಿವಪ್ಪ ರಂಗೋಲಿಗೆ ಒಂದು ಚುಕ್ಕಿ ಇಟ್ಟದ್ದನ್ನೂ ಅವರು ಕಂಡಿರಲಿಲ್ಲ. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ತಾಯಿ ಗಂಡನನ್ನು ಬೈಯಲು ಮಾತು ಕೂಡಿಸಿಕೊಳ್ಳುತ್ತ ಕೂತರು.

ಆದರೆ ಬೈಯಲು ಆಗಲಿಲ್ಲ. ರವಿಕೆ ನೋಡಿದ್ದೇ ಪರಮಶಿವಪ್ಪ ಕುರ್ಚಿ ಎಳೆದು ಕೂತು ಅದನ್ನು ತೊಡೆಯ ಮೇಲೆ ಹರಡಿಕೊಂಡರು.

“ಇದನ್ನ ನಾನು ಬರದೀನಾ?”

ಹಾಳೆ ತೋರಿಸಿದ ಮೇಲೆ ನೆನಪು ಒಂದೊಂದಾಗಿ ಬಂತು. ಬೀಗರು ಮುಹೂರ್ತ ಗೊತ್ತು ಮಾಡಲು ಫೋನ್ ಮಾಡಿದ್ದರು. ಹಾಳೆ ಟೇಬಲ್ ಮೇಲಿತ್ತು, ಪೆನ್ನು ಕೈಯಲ್ಲಿತ್ತು.

“ಬಾಯಿ ಆಯ್ತು ಆಯ್ತು ಅಂತಿತ್ತು. ಕೈ ಏನ್ ಮಾಡ್ತಿತ್ತೋ ನಂಗೇ ಗೊತ್ತಿಲ್ಲ,” ಎಂದರು. ತಾಯಿಯ ಬೆನ್ನು ಬಿಟ್ಟು ಹೊರಟ ಮರಿಯ ಎತ್ತಿದ ಕಾಲನ್ನು ಬೆರಳಿಂದ ಮುಟ್ಟಿ, ಬಿಸಿ ತಗುಲಿದವರಂತೆ ಹಿಂದಕ್ಕೆಳೆದುಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಚೈತ್ರಶ್ರೀ ಅಪ್ಪನನ್ನು ಹಾಗೆ ಎಂದೂ ಕಂಡಿರಲಿಲ್ಲ. ರವಿಕೆಯನ್ನು ಅವರ ತೊಡೆಯಿಂದ ಎತ್ತಿಕೊಂಡು ಮಡಿಸಿದಳು.

“ಅಮ್ಮ, ನಾನು ಇದನ್ನೇ ಹಾಕ್ಕೋತೀನಿ.”

ಶಕುಂತಲಮ್ಮನಿಗೆ ಇದು ಎರಡನೆಯ ಆಘಾತ. ನೆಂಟರು ಏನೆಂದಾರು ಎಂದು ಕೇಳಿದರು, ಮಠದವರು ಬರುತ್ತಾರೆಂದು ನೆನಪಿಸಿದರು. ಮಗಳು ಕದಲಲಿಲ್ಲ. ಸೆರಗು ಹೊದ್ದಿರಬೇಕೆಂಬ ಕರಾರಿನ ಮೇಲೆ ತಾಯಿ ಒಪ್ಪಿದರು.

ಸೆರಗು ನಿಲ್ಲಲಿಲ್ಲ. ಹಾರ ಹಾಕುವಾಗ ಜಾರಿತು, ಹಿಂದೆ ಕೂತ ಹೆಂಗಸರಲ್ಲಿ ಗುಸುಗುಸು ಎದ್ದಿತು. ಗಂಡಿನ ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿ, ಇದನ್ನು ಬರೆದವರು ಯಾರೆಂದು ಕೇಳಿದರು. ಸೆರಗು ಎಳೆದು ಮುಚ್ಚಲು ಹೋದ ಶಕುಂತಲಮ್ಮ ಅರ್ಧಕ್ಕೇ ಕೈ ಬಿಟ್ಟರು. ಉತ್ತರ ಮಾತ್ರ ತಡವರಿಸದೆ ಬಂತು.

“ನಮ್ಮನೆಯವರು.”

ಅಜ್ಜಿ ಹುಡುಗಿಯ ಬೆನ್ನ ಮೇಲೆ ಅಂಗೈ ಇಟ್ಟು ನಿಂತರು. ಪರಮಶಿವಪ್ಪ ಮಗಳ ಎದುರಿಗೇ ನಿಂತಿದ್ದರು. ಆ ದಿನವಿಡೀ ಅವರು ಅವಳ ಹಿಂದೆ, ಆ ಮರಿ ಕಾಣುವ ಕಡೆ, ಬರಲಿಲ್ಲ.