ಪೂಜೆಗೆ ಕುಳಿತ ಬೀಗ

ನನ್ನ ಹೆಸರು ಹಾಲಸ್ವಾಮಿ. ಕೂಡ್ಲಿಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟು ಮೂವತ್ತು ವರ್ಷವಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಊರೇ ಹೇಳುವ ಮಾತು ಅದು, ನಾನು ಮುಚ್ಚಿಡುವುದೇನಿಲ್ಲ. ಮುಚ್ಚಿಟ್ಟದ್ದು ಬೇರೆ ಇದೆ. ಅದು ಒಂದು ಬೀಗದ ಸಂಗತಿ.

ನಮ್ಮ ಮನೆಯ ಮುಂದೆ, ಹೆದ್ದಾರಿಯ ಬದಿ ಬೇವಿನ ಮರದ ಕೆಳಗೆ, ಹಸನ್ ಸಾಬರ ಸೈಕಲ್ ಷಾಪು. ಷಾಪು ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಪಂಪು, ಪಂಕ್ಚರ್ ನೋಡಲು ನೀರಿನ ಬೋಗುಣಿ, ಅಷ್ಟೇ. ರಿಪೇರಿಗೆ ಬಂದ ಸೈಕಲ್ಲುಗಳನ್ನು ಸಂಜೆ ಎಲ್ಲಿ ಇಡುವುದು? ಅವರ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ನಮ್ಮ ಹಿತ್ತಲಲ್ಲಿ ನುಗ್ಗೆ, ನಿಂಬೆ ಗಿಡಗಳ ನಡುವೆ ತಗಡಿನ ಷೆಡ್ಡು ಖಾಲಿ ಬಿದ್ದಿತ್ತು. "ಇಲ್ಲೇ ಇಡ್ರಿ" ಅಂದೆ. ಹನ್ನೆರಡು ವರ್ಷ ಬಾಡಿಗೆ ಕೇಳಲಿಲ್ಲ. ಆದರೆ ಬಾಡಿಗೆ ಕೇಳಿಲ್ಲವೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಷೆಡ್ಡಿಗೆ ನಾನು ಮಾಡಿದ ಬಂದೋಬಸ್ತು ಸಣ್ಣದಲ್ಲ. ಹಿಂದಿನ ಗೋಡೆಯ ಮೇಲೆ ಜಾಲಿ ಮುಳ್ಳು ಹೊದಿಸಿದೆ. ತಗಡಿನ ಮೊಳೆಗಳ ತುದಿಯನ್ನು ಒಳಗಿನಿಂದ ಬಡಿದು ಮಡಚಿದೆ. ಎಲ್ಲ ಸೈಕಲ್ಲುಗಳ ಗಾಲಿಯೊಳಗಿಂದ ಒಂದೇ ಸರಪಳಿ ತೂರಿಸಿ, ಅದರ ತುದಿಗೆ ಎತ್ತಿನ ಕೊರಳಗಂಟೆ ಕಟ್ಟಿದೆ. ಸರಪಳಿಯನ್ನು ಬಾಗಿಲ ಚಿಲಕಕ್ಕೆ ಸೇರಿಸಿ ಹಾಕುವ ಬೀಗ ಅಂಗೈಯಗಲ ಇತ್ತು. ಅದಕ್ಕೆ ಎರಡು ಕೀಲಿಕೈ. ಒಂದು ನನ್ನ ಉಡಿದಾರದಲ್ಲಿ, ಇನ್ನೊಂದು ಹಸನ್ ಸಾಬರ ಜೇಬಿನಲ್ಲಿ. ಹನ್ನೆರಡು ವರ್ಷದಲ್ಲಿ ಒಂದು ಬೆಲ್ಲು ಕೂಡ ಕಳುವಾಗಲಿಲ್ಲ. "ನನ್ನ ಹಿತ್ತಲಕ್ಕ ಕಾಲಿಡಾಕ ಕಳ್ಳ ಇನ್ನೊಂದು ಸಲ ಹುಟ್ಟಿ ಬರಬೇಕು" ಎನ್ನುತ್ತಿದ್ದೆ. ನನ್ನ ಹೆಂಡತಿ ಕೊಟ್ರಬಸಮ್ಮ, "ಅಷ್ಟು ಎದಿ ಉಬ್ಬಿಸಬ್ಯಾಡ್ರಿ, ಗುಂಡಿ ಹರದಾವು" ಎಂದು ನಗುತ್ತಿದ್ದಳು.

ಎರಡು ಸಾವಿರದ ಏಳರ ಮಹಾನವಮಿ ಬಂತು. ಆಯುಧಪೂಜೆಯ ದಿನ ನಮ್ಮಲ್ಲಿ ದುಡಿಯುವ ಕಬ್ಬಿಣವನ್ನೆಲ್ಲ ತೊಳೆದು ಮಣೆಯ ಮೇಲೆ ಇಡುತ್ತೇವೆ. ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಕುಡುಗೋಲು, ತಕ್ಕಡಿ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಹಾಗೆ ಕೂರಿಸಿದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ. ಷೆಡ್ಡಿನ ಬೀಗವನ್ನೂ ನಾನು ಪ್ರತಿ ವರ್ಷ ಕೂರಿಸುತ್ತಿದ್ದೆ. ಅದರಿಂದ ತೊಂದರೆಯೂ ಆಗಿರಲಿಲ್ಲ. ಯಾಕೆಂದರೆ ಹಬ್ಬಕ್ಕೆ ಮುಂಚೆ ಎಲ್ಲರೂ ಪೂಜೆಗೆಂದು ತಮ್ಮ ಸೈಕಲ್ ಬಿಡಿಸಿಕೊಂಡು ಹೋಗುತ್ತಿದ್ದರು, ಷೆಡ್ಡು ಬರಿದಾಗಿರುತ್ತಿತ್ತು.

ಆ ವರ್ಷ ಒಂದು ಸೈಕಲ್ ಉಳಿದಿತ್ತು. ಮರುಳಪ್ಪನ ಮಗಳು ಅಮೃತಾಳದು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಟ್ಟಿದ್ದ ಸೈಕಲ್. ಹೊಸಪೇಟೆಯಿಂದ ಹಿಂದಿನ ಗಾಲಿಯ ಫ್ರೀವೀಲು ಬರುವುದು ತಡವಾಗಿ, ಹಬ್ಬದ ದಿನ ಸಂಜೆಗಷ್ಟೇ ರಿಪೇರಿ ಮುಗಿದಿತ್ತು. ಅವಳ ಹಳ್ಳಿ ನಾಲ್ಕು ಮೈಲಿ ದೂರ, ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಮರುಳಪ್ಪ ಮೊದಲೇ ಹೇಳಿದ್ದ: "ಸೈಕಲ್ ಐತಿ ಅಂತ ಸಾಲಿಗೆ ಕಳಸ್ತೀನಿ. ಇಲ್ಲಂದ್ರ ಹುಡುಗಿನ್ನ ಆ ದಾರ್ಯಾಗ ನಡಸಂಗಿಲ್ಲ."

ಹಸನ್ ಸಾಬರು ಸೈಕಲ್ ಒಳಗಿಟ್ಟು ಬಾಗಿಲು ಮುಚ್ಚಿ ಮಣೆಯ ಕಡೆ ನೋಡಿದರು.

"ಅಯ್ಯನೋರೆ, ಬೀಗ?"

"ಪೂಜಿಗೆ ಕುಂತದ್ದನ್ನ ಎಬ್ಬಸ್ತಾರೇನ್ರಿ?"

"ಮಂದಿ ಸಾಮಾನು ಐತ್ರಿ ಒಳಗ. ತಂತಿನಾದ್ರೂ ಬಿಗೀಲೇನು?"

ಅಷ್ಟಕ್ಕೇ ನನಗೆ ಉರಿಯಿತು. ಪಕ್ಕದ ಮನೆಯವರು ಗೋಡೆಯಾಚೆ ಓಡಾಡುತ್ತಿದ್ದರು, ಮಾತು ಕೇಳಿಸದಿದ್ದರೂ ತಂತಿ ಬಿಗಿದರೆ ಕಾಣುತ್ತಿತ್ತು. ಅವರ ಮುಂದೆ ನನ್ನ ಹಿತ್ತಲಿಗೆ ತಂತಿಯ ಗತಿ ಬಂತೇ ಅನಿಸಿತು.

"ಹಬ್ಬದ ದಿನ ಅಪಶಕುನದ ಮಾತು ಯಾಕ? ನಾ ಅದೀನಲ್ಲ, ನಡೀರಿ ಮನಿಗೆ" ಅಂದೆ. ಅವರು ಹೋದರು.

ಬೆಳಿಗ್ಗೆ ನೋಡಿದರೆ ಸೈಕಲ್ ಇರಲಿಲ್ಲ. ಗೋಡೆಯ ಮುಳ್ಳು ಇದ್ದಲ್ಲೇ ಇತ್ತು. ಸರಪಳಿ ನೆಲದ ಮೇಲೆ ಬಿದ್ದಿತ್ತು, ಎತ್ತಿನ ಗಂಟೆಗೆ ಯಾರೋ ಹುಲ್ಲು ತುರುಕಿದ್ದರು. ಕಳ್ಳ ಬೀಗವಿಲ್ಲದ ಷೆಡ್ಡಿನ ಬಾಗಿಲಿಂದಲೇ ಬಂದು, ಅಲ್ಲಿಂದಲೇ ಹೋಗಿದ್ದ. ಆಮೇಲೆ ಮಾಡಿದ ಕೆಲಸಕ್ಕೆ ಇವತ್ತಿಗೂ ನನ್ನ ಕೈಯನ್ನು ನಾನೇ ಶಪಿಸುತ್ತೇನೆ. ಬನ್ನಿ ಮುಡಿಯುವ ಮುಂಚೆಯೇ ಮಣೆಯ ಮೇಲಿನ ಬೀಗ ತೆಗೆದು ಚಿಲಕಕ್ಕೆ ತೂಗುಹಾಕಿದೆ.

ಒಂಬತ್ತರ ಹೊತ್ತಿಗೆ ಮರುಳಪ್ಪ ಮಗಳನ್ನು ಕರೆದುಕೊಂಡು ಬಂದ. ಅಮೃತಾಳ ಕೈಯಲ್ಲಿ ಸೈಕಲ್ಲಿಗೆಂದು ತಾನೇ ಕಟ್ಟಿದ ಹೂವಿನ ಮಾಲೆ ಇತ್ತು. ಬರಿದಾದ ಷೆಡ್ಡು ನೋಡಿ ಅವಳು ಅಳಲಿಲ್ಲ, ಮಾಲೆಯನ್ನು ಬೆನ್ನ ಹಿಂದೆ ಸರಿಸಿದಳು. ಸುದ್ದಿ ಕೇಳಿ ಹಸನ್ ಸಾಬರು ಮಗಳು ಗುಲಫಶಾಳ ಜೊತೆ ಓಡಿ ಬಂದರು.

"ಬೀಗ ಒಡದಿಲ್ಲ, ಬಾಗಲ ಮುರದಿಲ್ಲ. ಸೈಕಲ್ ಹೆಂಗ ಹೋತ್ರಿ ಅಯ್ಯನೋರೆ?" ಎಂದು ಮರುಳಪ್ಪ ಕೇಳಿದ.

ನಾನು ಹೇಳಬಹುದಿತ್ತು. ಬಾಯಿ ತೆರೆದದ್ದೂ ಹೇಳಬೇಕೆಂದೇ. ಆದರೆ ಬಂದ ಮಾತು ಬೇರೆ.

"ಇನ್ನೊಂದು ಕೀಲಿಕೈ ಹಸನ್ ಸಾಬರ ಕಡಿ ಇರತೈತಿ" ಅಂದೆ.

ಸುಳ್ಳಲ್ಲ ಅದು. ಸುಳ್ಳಿಗಿಂತ ಕೆಟ್ಟದ್ದು. ಎಲ್ಲರೂ ಹಸನ್ ಸಾಬರ ಕಡೆ ತಿರುಗಿದರು. ಅವರು ನನ್ನನ್ನು ಒಂದು ಸಲ ನೋಡಿದರು, ಆಮೇಲೆ ಬೀಗ ನೋಡಿದರು. ಅದರ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ ಹಾಗೆಯೇ ಇದ್ದವು. ಗಡಿಬಿಡಿಯಲ್ಲಿ ಅದನ್ನು ಒರೆಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಯಾರಾದರೂ ಹತ್ತಿರ ಬಂದು ನೋಡಿದ್ದರೆ ಅದು ಎಲ್ಲಿ ಕುಳಿತಿತ್ತೆಂದು ತಿಳಿಯುತ್ತಿತ್ತು.

ಹಸನ್ ಸಾಬರು ಹೆಗಲ ಮೇಲಿನ ಗ್ರೀಸಿನ ಅರಿವೆ ತೆಗೆದು, ಬೀಗ ಪರೀಕ್ಷೆ ಮಾಡುವವರ ಹಾಗೆ ಹಿಡಿದು, ವಿಭೂತಿ ಕುಂಕುಮವನ್ನೆಲ್ಲ ಒರೆಸಿಬಿಟ್ಟರು.

"ಮಾರ್ಕೊಂಡ್ಯಾ ಸಾಬ?" ಮರುಳಪ್ಪ ಕೇಳಿಯೇಬಿಟ್ಟ.

ಅವರು ಗುಲಫಶಾಳ ತಲೆಯ ಮೇಲೆ ಕೈಯಿಟ್ಟರು. "ಮಗಳಾಣಿ, ಮಾರಿಲ್ಲ. ಬೀಗ ಹಾಕೂದು ಮರತೆ. ತಪ್ಪು ನಂದು."

ಮೊದಲ ಮಾತು ನಿಜ. ಎರಡನೆಯದು ನನ್ನ ಸಲುವಾಗಿ ಆಡಿದ್ದು. ನಾನು ನುಗ್ಗೆ ಗಿಡದ ಕಡೆ ನೋಡುತ್ತ ನಿಂತಿದ್ದೆ.

ಗುಲಫಶಾಳೂ ಅದೇ ವರ್ಷ ಎಂಟನೇ ಕ್ಲಾಸು. ಅವಳಿಗೂ ಸರ್ಕಾರದ ಸೈಕಲ್ ಬಂದಿತ್ತು. ಅದೇ ಬಣ್ಣ, ಅದೇ ಬುಟ್ಟಿ. ಹಸನ್ ಸಾಬರು ಅದನ್ನು ತಂದು ಅಮೃತಾಳ ಕೈಗೆ ಕೊಟ್ಟರು. ಗುಲಫಶಾ ಬುಟ್ಟಿಯಲ್ಲಿದ್ದ ತನ್ನ ದಾವಣಿಪಿನ್ನು ಎತ್ತಿಕೊಂಡು ಮನೆಗೆ ಹೋದಳು.

ಮಾತು ಅಲ್ಲಿಗೆ ನಿಲ್ಲಲಿಲ್ಲ. "ಸಾಬರ ಕಡಿ ಬಿಟ್ರ ಸೈಕಲ್ ಬರ್ತೈತೋ ಇಲ್ಲೋ" ಎಂದು ಹಳ್ಳಿಯವರು ಬಸ್‌ಸ್ಟ್ಯಾಂಡಿನ ಹತ್ತಿರದ ಷಾಪಿಗೆ ಹೋಗತೊಡಗಿದರು. ಬೇವಿನ ಮರದ ಕೆಳಗೆ ಹಸನ್ ಸಾಬರು ಬೋಗುಣಿಯ ನೀರು ಬದಲಿಸುತ್ತ ಕೂತಿರುವುದು ಗಿರಣಿಯಿಂದ ಕಾಣುತ್ತಿತ್ತು. ಗುಲಫಶಾ ನಮ್ಮ ಮನೆಯ ಮುಂದಿನಿಂದಲೇ ದಿನಾ ನಡೆದು ಶಾಲೆಗೆ ಹೋಗುತ್ತಿದ್ದಳು, "ಅಜ್ಜಾರ, ಆರಾಮ್ರಿ?" ಎಂದು ಕೇಳುತ್ತಿದ್ದಳು. ಅವಳು ಬರುವ ಹೊತ್ತಿಗೆ ನಾನು ಒಳಗೆ ಹೋಗಿ ಕೂರುವುದನ್ನು ಕಲಿತೆ. ಅವರ ಮನೆಯ ಜೋಳ ಮೊದಲು ಬೀಸಿಕೊಟ್ಟೆ, ನಿಂಬೆಹಣ್ಣು ಕಳಿಸಿದೆ. ಕೊಟ್ರಬಸಮ್ಮ ಒಂದು ದಿನ ನಿಂಬೆಹಣ್ಣಿನ ಚೀಲ ಕಸಿದುಕೊಂಡಳು.

"ಎಷ್ಟು ನಿಂಬಿಹಣ್ಣು ಕೊಟ್ರ ಆ ಮನಷ್ಯಾನ ಹೆಸರು ವಾಪಸ್ ಬರತೈತ್ರಿ? ಮಣಿ ಮ್ಯಾಲೆ ಬೀಗಕ್ಕ ಹೂವ ಇಟ್ಟಾಕಿ ನಾನು. ನನಗ ಗೊತ್ತಿಲ್ಲೇನು?"

ನಾಚಿಕೆಗೆ ಸಿಟ್ಟೂ ಬರಲಿಲ್ಲ.

ಮರುವರ್ಷದ ಆಯುಧಪೂಜೆಯ ಬೆಳಿಗ್ಗೆ ತಡೆಯಲಾಗಲಿಲ್ಲ. ಹಸನ್ ಸಾಬರು ಷೆಡ್ಡಿನಲ್ಲಿ ಯಾರದೋ ಸೈಕಲ್ ಇಡುತ್ತಿದ್ದರು. ಬೀಗ ನನ್ನ ಕೈಯಲ್ಲಿತ್ತು.

"ಹಸನ್ ಸಾಬ್ರೆ, ಇವತ್ತು ಮರುಳಪ್ಪನ ಕರಸ್ತೀನಿ. ನಾಕು ಮಂದಿ ಮುಂದ ಖರೇ ಹೇಳ್ತೀನಿ. ಆಗ ಹೇಳೂ ಧೈರ್ಯ ಆಗಲಿಲ್ಲ ನನಗ."

ಅವರು ಸ್ಟ್ಯಾಂಡು ಹಾಕಿ ಎದ್ದು ನಿಂತರು.

"ಬ್ಯಾಡ್ರಿ ಅಯ್ಯನೋರೆ. ಮಗಳ ತಲಿ ಮ್ಯಾಲೆ ಕೈ ಇಟ್ಟು ನಾ ಮರತೆ ಅಂದೀನಿ. ಈಗ ನೀವು ಖರೇ ಹೇಳಿದ್ರ ನಂದು ಸುಳ್ಳಾಣಿ ಆಕ್ಕೈತಿ. ನಿಮ್ಮ ಎದಿ ಹಗುರಾಗಬೇಕು ಅಂತ ಅದರ ಪಾಪ ನನ್ನ ಮಗಳ ಮ್ಯಾಲೆ ಹಾಕ್ತೀರೇನು?"

"ಮತ್ತ ಯಾಕ ಒರಸಿದ್ರಿ ಅವತ್ತು?" ಎಂದು ಕೇಳಿದೆ. "ನನ್ನ ಮ್ಯಾಲಿನ ಪ್ರೀತಿಗೇನು?"

ಅವರು ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಂಡರು.

"ಪ್ರೀತಿನೂ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮ ಮಾತಿಗೆ ಎದುರಾಡಿದ್ರ ಮರುದಿನ ಸೈಕಲ್ ಎಲ್ಲಿ ಇಡಲ್ರಿ ನಾನು?"

ಹನ್ನೆರಡು ವರ್ಷ ಬಾಡಿಗೆ ತೆಗೆದುಕೊಂಡಿಲ್ಲವೆಂದು ಬೀಗುತ್ತಿದ್ದೆನಲ್ಲ, ಆ ಬಾಡಿಗೆಯನ್ನು ಒಂದೇ ದಿನ ಒಟ್ಟಿಗೆ ವಸೂಲು ಮಾಡಿದ್ದೆ.

ಅವರು ನನ್ನ ಕೈಯಿಂದ ಬೀಗ ತೆಗೆದುಕೊಂಡು ಚಿಲಕಕ್ಕೆ ಹಾಕಿ ಒತ್ತಿದರು. "ಬಾಗಲದಾಗ ಇದ್ದಲ್ಲೇ ಕುಂಕುಮ ಹಚ್ರಿ. ದೇವ್ರಿಗೆ ಇಲ್ಲಿಗೆ ಬರಾಕ ದಾರಿ ಗೊತ್ತಿಲ್ಲೇನು?"

ಇಷ್ಟೇ ಇತ್ತು ಉಪಾಯ. ಹೋದ ವರ್ಷವೂ ಇಷ್ಟೇ ಇತ್ತು. ಬೀಗದ ಮೇಲೆ ವಿಭೂತಿ ಎಳೆದೆ, ಕುಂಕುಮ ಇಟ್ಟೆ.

ಆಮೇಲೆ ಅವರು ಜೇಬಿನಿಂದ ತಮ್ಮ ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

"ಈ ಇನ್ನೊಂದು ಕೀಲಿಕೈನೂ ನಿಮ್ಮ ಕಡಿನೇ ಇರ್ಲಿ. ಮುಂಜಾನಿ ನೀವ ತೆಗೀರಿ, ಸಂಜಿಗೆ ನೀವ ಹಾಕ್ರಿ."

ಅಂದಿನಿಂದ ಎರಡೂ ಕೀಲಿಕೈ ನನ್ನ ಉಡಿದಾರದಲ್ಲೇ ಇವೆ. ದಿನಾ ಬೆಳಿಗ್ಗೆ ಹಸನ್ ಸಾಬರು ಷೆಡ್ಡಿನ ಮುಂದೆ ಬಂದು, ನಾನು ಬಾಗಿಲು ತೆಗೆಯುವವರೆಗೆ ಕೈಕಟ್ಟಿಕೊಂಡು ನಿಂತಿರುತ್ತಾರೆ.